ಎರಡು ಕಲ್ಲು, ಒಂದು ಎಲೆ

"ಗುರುಗಳೇ, ಒಂದು ಸಭೆ ಒಂದು ಮಾತನ್ನು ನಂಬಿತು ಅನ್ನುತ್ತೇವೆ. ಆ ನಂಬಿಕೆ ಇರುವುದು ಯಾರ ಮನಸ್ಸಿನಲ್ಲಿ?"

ಕೇಳಿದವನು ಚೆನ್ನವೀರ, ಮಠ ಸೇರಿ ಆರು ವರ್ಷವಾಗಿದ್ದ ಶಿಷ್ಯ. ಆ ದಿನ ಬೆಳಗ್ಗೆ ಮಠದ ಒಂಬತ್ತು ಜನ ಸಭೆ ಕೂತು, ಉಗ್ರಾಣ ನೋಡಿಕೊಳ್ಳುತ್ತಿದ್ದ ಮರುಳಯ್ಯನನ್ನು ಹೊರಗೆ ಕಳಿಸಬೇಕೆಂದು ತೀರ್ಮಾನಿಸಿದ್ದರು. ಅವನ ಅಲಕ್ಷ್ಯದಿಂದಲೇ ಜೋಳ ಮುಗ್ಗಿತು ಎಂಬುದು ಸಭೆಯ ಮಾತು. ಆ ಒಂಬತ್ತು ಜನರಲ್ಲಿ ಚೆನ್ನವೀರನೂ ಒಬ್ಬ.

"ನಿನ್ನ ಮನಸ್ಸಿನಲ್ಲಿ ಇಲ್ಲವೇ?" ಎಂದರು ಗುರು.

"ಇಲ್ಲ. ಉಗ್ರಾಣದ ಮಾಳಿಗೆ ಸೋರುತ್ತದೆ ಎಂದು ಮರುಳಯ್ಯ ಎರಡು ಸಲ ಹೇಳಿದ್ದನ್ನು ನಾನೇ ಕೇಳಿದ್ದೇನೆ. ನನ್ನ ಪಕ್ಕ ಕೂತಿದ್ದವರಿಗೂ ಏನೋ ಗೊತ್ತಿತ್ತಂತೆ. ಹೊರಗೆ ಬಂದು ಕಾಲು ತೊಳೆಯುವಾಗ ಹೇಳಿದರು. ಆದರೂ ಸಭೆ ನಂಬಿತು."

ಗುರು ಗೋಡೆಗೆ ಒರಗಿದರು. ಅವರು ಸಭೆಗಳಿಗೆ ಹೋಗುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. "ಈ ಕತೆ ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಕೇಳಿದವರೆಲ್ಲ ತಲೆದೂಗಿ ಎದ್ದು ಹೋಗಿದ್ದಾರೆ. ನೀನೂ ಕೇಳು," ಎಂದು ಹೇಳತೊಡಗಿದರು.

ಹೊಳೆಯ ದಡದಲ್ಲಿ ಅಂಬಿಗರ ಒಂದು ಊರಿತ್ತು. ಜನರನ್ನು ಹರಿಗೋಲಿನಲ್ಲಿ ಕೂರಿಸಿ ದಾಟಿಸುವುದೇ ಅವರ ಬದುಕು. ದಾಟುವಾಗ ಯಾರಾದರೂ ನೀರುಪಾಲಾದರೆ ಅಂಬಿಗನ ವಿಚಾರಣೆ ನಡೆಯುತ್ತಿತ್ತು. ತಪ್ಪು ಅವನದೇ ಎಂದಾದರೆ ಹರಿಗೋಲು ನಡೆಸುವ ಅವನ ಹುಟ್ಟನ್ನು ಸುಡುತ್ತಿದ್ದರು. ಆಮೇಲೆ ಆ ಹೊಳೆಯ ಉದ್ದಕ್ಕೂ ಯಾರೂ ಅವನ ಕೈಗೆ ಇನ್ನೊಂದು ಹುಟ್ಟು ಕೊಡುವಂತಿರಲಿಲ್ಲ.

ಮೂರು ಮಾತು ನಿಜವಾದರೆ ಮಾತ್ರ ತಪ್ಪು ಅಂಬಿಗನದು ಎಂದು ಊರಿನ ಕಟ್ಟಳೆ. ಎಂಟು ಮಂದಿಗಿಂತ ಹೆಚ್ಚು ಜನರನ್ನು ಹತ್ತಿಸಿಕೊಂಡಿರಬೇಕು. ಮೇಲಿನಿಂದ ಪ್ರವಾಹದ ಕೆಂಪು ನೀರು ಬರುವುದನ್ನು ಕಂಡೂ ಹರಿಗೋಲು ಬಿಟ್ಟಿರಬೇಕು. ಮಗುಚಿದಾಗ ಎಲ್ಲರಿಗಿಂತ ಮೊದಲು ತಾನು ಕೈಬಿಟ್ಟು ಈಜಿರಬೇಕು. ಮೂರರಲ್ಲಿ ಒಂದು ಸುಳ್ಳಾದರೂ ಅವನು ನಿರಪರಾಧಿ. ಒಳ್ಳೆಯ ಕಟ್ಟಳೆ, ನನಗೇನೂ ತಕರಾರಿಲ್ಲ.

ತೀರ್ಮಾನಿಸುವವರು ಮೂವರು ಹಿರಿಯರು. ಹಿಂದೊಮ್ಮೆ ಹಿರಿಯರು ಜಗಳವಾಡಿ, ಗಂಟಲು ದೊಡ್ಡದಿದ್ದವನು ಗೆದ್ದುಬಿಟ್ಟಿದ್ದನಂತೆ. ಅಂದಿನಿಂದ ಹಿರಿಯರು ಮಾತಾಡಬಾರದು ಎಂದಾಯಿತು. ನೀರು ತುಂಬಿದ ಗಡಿಗೆಯೊಂದನ್ನು ನಡುವೆ ಇಟ್ಟು, ಮೂವರೂ ಅದಕ್ಕೆ ಬೆನ್ನು ಮಾಡಿ ಕೂರುತ್ತಿದ್ದರು. ಊರ ತಳವಾರ ಮೂರು ಮಾತುಗಳನ್ನು ಒಂದೊಂದಾಗಿ ಕೇಳುತ್ತಿದ್ದ. ಹೌದು ಎನ್ನುವವನು ಕೈ ಹಿಂದೆ ಮಾಡಿ ಗಡಿಗೆಗೆ ಕಲ್ಲು ಹಾಕುತ್ತಿದ್ದ, ಅಲ್ಲ ಎನ್ನುವವನು ಎಲೆ. ಎರಡು ಕಲ್ಲು ಮುಳುಗಿದರೆ ಆ ಮಾತು ನಿಜ. ಎರಡು ಎಲೆ ತೇಲಿದರೆ ಸುಳ್ಳು. ಇಷ್ಟು ಅಚ್ಚುಕಟ್ಟಾದ ಏರ್ಪಾಡು ಬೇರೆ ಊರಲ್ಲಿಲ್ಲ ಎಂದು ಅವರಿಗೆ ಹೆಮ್ಮೆ.

ಒಂದು ಸಂತೆಯ ದಿನ ಒಬ್ಬ ಅಂಬಿಗನ ಹರಿಗೋಲು ನಡುಹೊಳೆಯಲ್ಲಿ ಮಗುಚಿತು. ಒಬ್ಬ ಬಳೆಗಾರ ಸತ್ತ. ಸಂಜೆಯೊಳಗೆ ಊರೆಲ್ಲ ಗುಸುಗುಸು ಹಬ್ಬಿತು. ಹತ್ತು ಮಂದಿ ಇದ್ದರಂತೆ, ಕೆಂಪು ನೀರು ಕಂಡೂ ಹೊರಟನಂತೆ, ಎಲ್ಲರಿಗಿಂತ ಮೊದಲು ತಾನೇ ಹಾರಿಕೊಂಡನಂತೆ. ಯಾರು ನೋಡಿದವರು ಎಂದು ಯಾರೂ ಕೇಳಲಿಲ್ಲ.

ನೋಡಿದವರು ಇದ್ದರು. ಮೊದಲನೆಯ ಹಿರಿಯ ಆ ಹೊತ್ತಿಗೆ ದಡದಲ್ಲಿ ಬಲೆ ಹೊಲಿಯುತ್ತ ಕೂತಿದ್ದ. ಹತ್ತುವವರನ್ನು ಬೆರಳು ಮಡಿಸಿ ಎಣಿಸಿದ್ದ, ಎಂಟೇ ಮಂದಿ. ಎರಡನೆಯವನು ಹೊಳೆಯ ಮೇಲ್ಭಾಗದಲ್ಲಿ ಎತ್ತಿನ ಮೈ ತೊಳೆಯುತ್ತಿದ್ದ. ಹರಿಗೋಲು ದಡ ಬಿಟ್ಟಾಗ ನೀರು ತಿಳಿಯಾಗಿತ್ತು, ಕೆಂಪು ಬಂದದ್ದು ಆಮೇಲೆ. ಮೂರನೆಯವನು ಆಚೆ ದಡದಿಂದ ಈಜಿ ಬಂದು ಅಂಬಿಗನನ್ನು ಎಳೆದು ತಂದಿದ್ದ. ಹರಿಗೋಲಿನ ಅಂಚಿಗೆ ಬಿಗಿದಿದ್ದ ಆ ಬೆರಳುಗಳನ್ನು ಬಿಡಿಸಿದವನೇ ಅವನು.

ಹೀಗೆ ಮೂವರಿಗೂ ಒಂದೊಂದು ಮಾತು ಕಣ್ಣಾರೆ ಗೊತ್ತಿತ್ತು. ಉಳಿದ ಎರಡೆರಡು ಮಾತುಗಳಿಗೆ ಊರ ಗುಸುಗುಸುವೇ ಆಧಾರ.

ಮರುದಿನ ಗಡಿಗೆ ಇಟ್ಟರು. ಅಂಬಿಗ ಮಾತಾಡುವಂತಿಲ್ಲ, ಅವನ ಹೆಂಡತಿಯೂ ಮಾತಾಡುವಂತಿಲ್ಲ. ತಳವಾರ ಮೊದಲ ಮಾತು ಕೇಳಿದ. ಎಣಿಸಿದವನು ಎಲೆ ಹಾಕಿದ, ಎಣಿಸದ ಇಬ್ಬರು ಕಲ್ಲು ಹಾಕಿದರು. ಎರಡನೆಯ ಮಾತು ಕೇಳಿದ. ನೀರು ನೋಡಿದವನು ಎಲೆ ಹಾಕಿದ, ನೋಡದ ಇಬ್ಬರು ಕಲ್ಲು ಹಾಕಿದರು. ಮೂರನೆಯ ಮಾತಿಗೂ ಅಷ್ಟೇ ಆಯಿತು. ಮೂರು ಸಲವೂ ಎರಡು ಕಲ್ಲು, ಒಂದು ಎಲೆ.

ಒಂದು ಮಾತು ಸುಳ್ಳಾದರೂ ಸಾಕಿತ್ತಲ್ಲ, ಹಾಗಾಗಿ ಪ್ರತಿಯೊಬ್ಬ ಹಿರಿಯನೂ ಅಂಬಿಗ ನಿರಪರಾಧಿ ಎಂದೇ ತಿಳಿದು ಕೂತಿದ್ದ. ಆದರೆ ಅವನು ತಪ್ಪಿತಸ್ಥನೋ ಅಲ್ಲವೋ ಎಂಬ ಒಂದು ಮಾತನ್ನು ತಳವಾರ ಕೇಳಲಿಲ್ಲ. ಕೇಳುವ ಪದ್ಧತಿ ಇರಲಿಲ್ಲ. ಮೂರೂ ನಿಜ ಎಂದು ಗಡಿಗೆ ಹೇಳಿತು, ಊರು ನಂಬಿತು. ಹುಟ್ಟು ಸುಟ್ಟರು.

ಹೆಂಡತಿ ಸುಮ್ಮನೆ ಕೂರುವವಳಲ್ಲ. ಮೊದಲ ಹಿರಿಯನ ಬಾಗಿಲಿಗೆ ಹೋದಳು.

"ಅಜ್ಜಾರ, ನನ್ನ ಗಂಡಂದು ತಪ್ಪೈತಿ ಅಂತ ನಿಮ್ಮ ಮನಸ್ಸಿಗೆ ಅನಿಸೇತೇನು?"

"ಇಲ್ಲವ್ವ. ನಾ ಕಣ್ಣಾರೆ ಎಣಿಸೀನಿ, ಎಂಟೇ ಮಂದಿ. ನನ್ನ ಎಲಿ ನಾ ಹಾಕೀನಿ."

"ಹಂಗಾದ್ರ ನನ್ನ ಜೋಡಿ ಬಂದು ಇದೊಂದು ಮಾತು ನನ್ನ ಗಂಡನ ಮುಂದ ಹೇಳ್ರಿ. ನಿನ್ನೆಯಿಂದ ಅವರು ಕೂಳು ಮುಟ್ಟಿಲ್ಲ."

"ಊರು ನಂಬಿದ ಮ್ಯಾಲೆ ನಾನೊಬ್ಬ ಬಂದು ಏನ್ ಹೇಳ್ಲವ್ವ? ಉಳಿದ ಇಬ್ಬರಿಗೆ ನನಗ ಗೊತ್ತಿಲ್ಲದ್ದು ಏನರ ಗೊತ್ತಿರಬೇಕು."

ಎರಡನೆಯವನೂ ತನ್ನ ಎಲೆಯ ಮಾತನ್ನೇ ಹೇಳಿದ. ಮೂರನೆಯವನು ಹೇಳುವಾಗ ಅತ್ತೇಬಿಟ್ಟ. ಆದರೆ ಜಗಲಿ ಇಳಿಯಲಿಲ್ಲ. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಈ ಕತೆ ಹೇಳುವುದು ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಪಾಲಿಗೆ ಬಂದ ಎಲೆ ಹಾಕಿ, ಮನಸ್ಸು ಹಗುರ ಮಾಡಿಕೊಂಡು, ಉಂಡು ಮಲಗುವ ಜನ ಅವರು.

ಅವಳು ಮೂರನೆಯ ಬಾಗಿಲಲ್ಲಿ ನಿಂತು ಹೇಳಿದಳಂತೆ: "ನಿಮ್ಮ ಮೂರೂ ಮನಿಯಾಗ ನನ್ನ ಗಂಡ ಚೊಲೋ ಮನಷ್ಯಾ. ಊರಾಗ ಮಾತ್ರ ಕೊಲೆಗಾರ. ಆ ಊರು ಯಾರ ಮನಿಯಾಗ ಐತಿ, ತೋರಸ್ರಿ, ಅಲ್ಲೀಗೂ ಹೋಗಿ ಕೇಳ್ತೀನಿ."

ಮೂರು ಬಾಗಿಲು ತಿರುಗಿ ಮನೆಗೆ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಅಂಬಿಗ ಬಾಗಿಲಲ್ಲಿ ಕೂತು ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಅವಳು ಮೂವರ ಮಾತನ್ನೂ ಒಂದೂ ಬಿಡದೆ ಹೇಳಿದಳು. ಅವನು ಎಲ್ಲ ಕೇಳಿಸಿಕೊಂಡ.

"ಊರು ಸುಮ್ಮಸುಮ್ಮನ ಅಂತೈತೇನು?" ಎಂದ. "ಒಂಬತ್ತನೇದವನ್ನ ನಾನೇ ಹತ್ತಿಸ್ಕೊಂಡಿರಬೇಕು. ಕೆಂಪು ನೀರು ಕಂಡಿರಬೇಕು. ನನಗ ನೆನಪಿಲ್ಲ ನೋಡು, ಕೈಯೂ ನಾನೇ ಮೊದಲ ಬಿಟ್ಟಿರಬೇಕು."

ಹೆಂಡತಿ ಎಷ್ಟು ಹೇಳಿದರೂ ಅವನು ಆ ಮಾತಿನಿಂದ ಹಿಂದೆ ಸರಿಯಲಿಲ್ಲ. ಬೆಳಗಾಗುತ್ತಲೇ ಇಬ್ಬರೂ ಊರು ಬಿಟ್ಟರು. ಹೊಳೆಯಿಲ್ಲದ ಸೀಮೆಯಲ್ಲಿ ಕಲ್ಲು ಒಡೆದು ಅವನು ಮುದುಕನಾದ. ತನ್ನ ಕೈಯಿಂದ ಒಬ್ಬ ಬಳೆಗಾರ ಸತ್ತ ಎಂದು ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದ.

ಗುರು ಕತೆ ನಿಲ್ಲಿಸಿದರು. ಆಯಾಸಕ್ಕೆ ಅವರು ಕಣ್ಣು ಮುಚ್ಚಿದ್ದರು. ಚೆನ್ನವೀರ ಮೂವರಲ್ಲಿ ತಪ್ಪು ಯಾರದು ಎಂದು ಕೇಳಿದ.

ಗುರು ಕಣ್ಣು ತೆರೆದರು. "ಮರುಳಯ್ಯ ಎಲ್ಲಿದ್ದಾನೆ?" ಎಂದರು.

"ಉಗ್ರಾಣದ ಹಿಂದೆ ಬಟ್ಟೆಯ ಗಂಟು ಕಟ್ಟುತ್ತಿದ್ದಾನೆ, ಗುರುಗಳೇ."

"ನೀನು ಕೇಳಿದ ನಂಬಿಕೆ ಈಗಿನ್ನೂ ಯಾರ ಮನಸ್ಸಿನಲ್ಲೂ ಇಲ್ಲ, ಹೊತ್ತು ಮುಳುಗುವಷ್ಟರಲ್ಲಿ ಅವನ ಮನಸ್ಸಿನಲ್ಲಿ ಇರುತ್ತದೆ."