ಕಾಗೆ ಕೇಳಿದ ವಿಳಾಸ

ಒಂದೇ ಆಲದಲ್ಲಿ ಬೆಳೆದು ಚದುರಿಹೋಗಿದ್ದ ಹಕ್ಕಿಗಳು ಮತ್ತೆ ಕೂಡುವ ಆಸೆಯಿಂದ ಒಣಮರವೊಂದರ ಮೇಲೆ ಸುದ್ದಿ ಬರೆದುಕೊಳ್ಳುತ್ತಿದ್ದವು. ಅದರ ಕಾವಲು ಮರಕುಟಿಗನದು. ಒಂದು ಬೆಳಗ್ಗೆ ಅಲ್ಲಿ ಹೆಸರಿಲ್ಲದ ಬರಹವೊಂದು ಕಾಣಿಸಿತು: ‘ಪಾರಿವಾಳಕ್ಕೆ ಮೊಟ್ಟೆ ಉಳಿಸಿಕೊಳ್ಳುವ ಯೋಗ್ಯತೆಯೂ ಇಲ್ಲ.’ ಮರಕುಟಿಗ ಅದನ್ನು ಕುಕ್ಕಿ ಕುಕ್ಕಿ ಅಳಿಸಿದ.

ಕಾಗೆ ಹಾರಿಬಂತು. “ನನ್ನ ಮಾತು ಅಳಿಸಲು ನೀನ್ಯಾರು? ದೂರು ಕೊಟ್ಟವಳು ಅವಳೇ ತಾನೆ? ಈಗೆಲ್ಲಿ ಗೂಡು ಕಟ್ಟಿದ್ದಾಳೆ ಹೇಳು, ಹೋಗಿ ಕ್ಷಮೆ ಕೇಳುತ್ತೇನೆ.”

ಪಾರಿವಾಳ ಮತ್ತೆ ಮೊಟ್ಟೆಯಿಟ್ಟಿರುವುದು ಮರಕುಟಿಗನಿಗೆ ನೆನಪಾಯಿತು. “ಯಾರ ಗೂಡನ್ನೂ ನಾನು ಹೇಳುವುದಿಲ್ಲ. ಅಷ್ಟು ಆಸೆಯಿದ್ದರೆ ನಿನ್ನ ಗೂಡಿರುವ ಜಾಗವನ್ನೇ ಇಲ್ಲಿ ಕೆತ್ತುತ್ತೇನೆ. ಕ್ಷಮಿಸಲು ಅವಳೇ ಬರಲಿ.”

ಕಾಗೆ ಸುತ್ತ ನೋಡಿ ದನಿ ತಗ್ಗಿಸಿತು. “ಅದೆಲ್ಲ ಬೇಡ ಮಾರಾಯ, ನಾನು ಹೆಂಡತಿ ಮಕ್ಕಳಿರುವವನು” ಎಂದು, ಬಂದ ದಾರಿ ಬಿಟ್ಟು ಸುತ್ತುದಾರಿಯಲ್ಲಿ ಮನೆಗೆ ಹಾರಿತು.