ಸಾಹೇಬರು ಕೂತ ಬೆಂಚು

ಪ್ರಿಂಟರ್ ಶುರುವಾದರೆ ರಾಗಿ ಬೀಸಿದ ಹಾಗೆ ಸದ್ದು ಬರುತ್ತಿದ್ದ ಕಾಲ ಅದು. ಪುರಸಭೆಯ ಮೊದಲ ಕಂಪ್ಯೂಟರಿಗೆ ಪುಕ್ಕಟೆ ಸಿಗುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿಸಿದ್ದರು. ಮುಖ್ಯಾಧಿಕಾರಿ ಪುಟ್ಟಮಾದಯ್ಯನವರ ಕಾಗದ ಮಾತ್ರ ಅದರಲ್ಲಿ ಅಚ್ಚಾಗುತ್ತಿರಲಿಲ್ಲ.

"ಬಿಟ್ಟಿ ಸಾಮಾನಿನ ಹಣೆಬರಹ ಇಷ್ಟೇ ಕಣ್ರೀ! ಟೈಪಿಸ್ಟ್ ಹೇಳಿದ್ರೆ ಕೇಳುತ್ತೆ, ನಾನು ಹೇಳಿದ್ರೆ ಕೇಳಲ್ಲ. ನಾಳೆನೇ ಕಿತ್ತು ಹಾಕಿಸ್ತೀನಿ!"

ಟೈಪಿಸ್ಟಮ್ಮ ಕುರ್ಚಿಯಿಂದ ಎದ್ದು ಬಂದಳು. ಆ ಯಂತ್ರ ಬಂದಮೇಲೆಯೇ ಅವಳ ಬೆರಳಿಗೆ ಕಾರ್ಬನ್ ಮಸಿ ತಪ್ಪಿತ್ತು.

"ಕೆಟ್ಟಿಲ್ಲ ಸರ್. ನಿಮ್ಮ ಕೋಣೆ ಪದ್ಧತಿನೇ ಇದಕ್ಕೂ. ಚೀಟಿ ಕಳಿಸಿದ ಮೇಲೂ ಹೆಸರು ಕರೆಯೋವರೆಗೂ ಯಾರನ್ನೂ ಒಳಗೆ ಬಿಡಲ್ಲ. ಪ್ರಿಂಟರ್ ಬಳಸೋರ ಪಟ್ಟಿಗೆ ನಿಮ್ಮ ಹೆಸರು ಇನ್ನೂ ಸೇರಿಲ್ಲ."

"ನಾನೂ ಕಾಯಬೇಕಾ?"

"ಈಗ ಸೇರಿಸ್ತೀನಿ ಸರ್. ಅಲ್ಲೀವರೆಗೆ ನಿಮ್ಮ ಕೋಣೆ ಹೊರಗಿನ ಬೆಂಚಲ್ಲಿ ಕೂತಿರಿ. ಎಲ್ಲರೂ ಅಲ್ಲೇ ಕೂರೋದು."

ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುವ ಕೆಲಸ. ಅವಳು ನಿಧಾನವಾಗಿ ಕಾಫಿ ಕುಡಿದು ಆಮೇಲೆ ಮಾಡಿದಳು. ಹೊರಗೆ ಸಾಹೇಬರು ತಿಗಣೆ ಕಾಟಕ್ಕೆ ಎದ್ದೆದ್ದು ಕೂರುತ್ತಿದ್ದರು. ನಲ್ಲಿ ನೀರಿನ ದೂರು ತಂದಿದ್ದ ಅಜ್ಜಿಯೊಬ್ಬಳು ಪಕ್ಕಕ್ಕೆ ಸರಿದಳು.

"ಹೊಸಬನೇನಪ್ಪ? ಈ ತುದಿಗೆ ಬಾ, ಇಲ್ಲಿ ತಿಗಣೆ ಕಮ್ಮಿ. ಒಳಗಿರೋನು ಬೇಗ ಕರೆಯೋನಲ್ಲ."

ಅಷ್ಟರಲ್ಲಿ ಟೈಪಿಸ್ಟಮ್ಮ ಸಾಹೇಬರ ಹೆಸರು ಕರೆದಳು. ಕಾಗದ ಅಚ್ಚಾಯಿತು.

ಮರುದಿನ ಅವರು ಕಿತ್ತು ಹಾಕಿಸಿದ್ದು ಲಿನಕ್ಸನ್ನಲ್ಲ, ಆ ಬೆಂಚನ್ನು.