ಪಾಚಿ ತೊಳೆದವನು

ಹೊಳೆದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿ ಇದ್ದವರು ಇಬ್ಬರೇ. ಊರವರೆಲ್ಲ ಅಜ್ಜಾರು ಎಂದು ಕರೆಯುತ್ತಿದ್ದ ಮುಪ್ಪಿನ ಗುರು, ಮತ್ತು ಅವರ ಶಿಷ್ಯ ಗವಿಸಿದ್ಧ.

ಮಠದಿಂದ ನೀರಿಗೆ ಇಳಿಯಲು ಕಲ್ಲಿನ ಮೆಟ್ಟಿಲುಗಳಿದ್ದವು. ಬೇಸಿಗೆಯಲ್ಲಿ ಹೊಳೆ ಹರಿಯುವುದು ನಿಂತು, ಮೇಲೆ ಮುಳ್ಳುಕಂಟಿಯ ಆಚೆಗಿನ ಒಂದು ಸಣ್ಣ ಗುಂಡಿ ಬಿಟ್ಟರೆ, ಮೆಟ್ಟಿಲುಗಳ ಬುಡದಲ್ಲಿ ಒಂದು ಮಡು ಮಾತ್ರ ಉಳಿಯುತ್ತಿತ್ತು. ಮಳೆ ಬರುವವರೆಗೆ ಮೀನುಗಳೆಲ್ಲ ಆ ಮಡುವಿನಲ್ಲೇ ಜೀವ ಹಿಡಿದುಕೊಂಡಿರುತ್ತಿದ್ದವು.

ಒಂದು ಬೇಸಿಗೆ, ಸ್ನಾನಕ್ಕೆ ಇಳಿದ ಅಜ್ಜಾರು ಪಾಚಿಯ ಮೇಲೆ ಕಾಲಿಟ್ಟು ಜಾರಿ ಬಿದ್ದರು. ಮೊಣಕಾಲು ತರಚಿತು.

"ನಾಳೆಯಿಂದ ಕೋಲು ಹಿಡಕೊಂಡು ಇಳಿದರಾತು," ಎಂದು ಅವರು ಸುಮ್ಮನಾದರು.

ಗವಿಸಿದ್ಧನಿಗೆ ಸುಮ್ಮನಿರಲು ಆಗಲಿಲ್ಲ. ತೆಂಗಿನ ನಾರಿನಿಂದ ಕಲ್ಲು ಉಜ್ಜುತ್ತ ಕೂತರೆ ಸೊಂಟ ಹೋಗುತ್ತದೆ, ಪಾಚಿ ಹೋಗುವುದಿಲ್ಲ. ಅಜ್ಜಾರು ಪಕ್ಕದ ಊರಿಗೆ ಹೋದ ದಿನ ಅವನು ಪೇಟೆಯಿಂದ ಒಂದು ಚೀಲ ಬ್ಲೀಚಿಂಗ್ ಪುಡಿ ತಂದ. ಮೆಟ್ಟಿಲ ಮೇಲೆಲ್ಲ ಸುರಿದ. ಪೊರಕೆಯಿಂದ ತಿಕ್ಕಿ, ಕೊಡಗಟ್ಟಲೆ ನೀರು ಹೊಯ್ದು ತೊಳೆದ.

ಪಾಚಿಯೆಲ್ಲ ಕಿತ್ತು ಮಡುವಿಗೆ ಇಳಿಯಿತು. ಮೆಟ್ಟಿಲುಗಳು ಎಲುಬಿನಂತೆ ಬೆಳ್ಳಗಾದವು.

ಸಂಜೆ ಕೈ ತೊಳೆಯಲು ಹೋದಾಗ ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದವು. ಮಡುವಿನ ತುಂಬ ಬಾಯಿಗಳು.

"ಬಿಸಿಲಿನ ಝಳಕ್ಕೆ ಇರಬೇಕು," ಎಂದು ಅವನು ತನಗೇ ಹೇಳಿಕೊಂಡ. ಅದು ಬಿಸಿಲಲ್ಲ ಎಂದು ಅವನಿಗೆ ಗೊತ್ತಿತ್ತು. ಒಳಗೆ ಹೋಗಿ ಒಲೆ ಹಚ್ಚಿದ.

ಬೆಳಗಾಗುವಷ್ಟರಲ್ಲಿ ಮಡು ಬೆಳ್ಳಿಯ ತಗಡಿನಂತೆ ಹೊಳೆಯುತ್ತಿತ್ತು. ಎಲ್ಲ ಹೊಟ್ಟೆ ಮೇಲಾದ ಮೀನುಗಳು.

ಆಚೆ ದಂಡೆಯ ಗುಡಿಸಲಿನ ಹುಲಿಗೆವ್ವ ಮೊಣಕಾಲು ನೀರಿನಲ್ಲಿ ನಿಂತಿದ್ದಳು. ಅವಳೂ ಅವಳ ಗಂಡನೂ ಆ ಮಡುವಿಗೆ ಬಲೆ ಬೀಸಿ ಬದುಕುತ್ತಿದ್ದವರು. ಅವಳು ಒಂದೊಂದೇ ಮೀನನ್ನು ಎತ್ತಿ, ಮೂಸಿ ನೋಡಿ, ದಂಡೆಗೆ ಹಾಕುತ್ತಿದ್ದಳು. ಅಳುತ್ತಿರಲಿಲ್ಲ.

ಊರೆಲ್ಲ ಅಲ್ಲಿ ಸೇರಿತು.

"ಯಾರ ಕೆಲಸ ಇದು?"

"ಮತ್ತ್ಯಾರು? ಯಮನೂರ. ಮೊನ್ನೆ ಬದನಿಕಾಯಿಗೆ ಹುಳದ ಎಣ್ಣಿ ಹೊಡದಾನ. ಪಂಪು ಹೊಳಿಯಾಗ ತೊಳದಿರತಾನ."

ಯಮನೂರನನ್ನು ಎಳೆದು ತಂದರು.

"ನಾ ಪಂಪು ತೊಳದಿದ್ದು ಹೊಲದಾಗರೀ! ಈ ಮಡುವಿನ ಕಡೆ ಬಂದೇ ಇಲ್ಲ!" ಎಂದು ಅವನು ಕೂಗಿದ. ಕೇಳುವವರು ಇರಲಿಲ್ಲ. ಅವನ ಪಂಪನ್ನು ಕಲ್ಲಿಗೆ ಬಡಿದು ಮುರಿದರು. ಇನ್ನು ಹೊಳೆಗೆ ಕಾಲಿಟ್ಟರೆ ಕಾಲು ಮುರಿಯುತ್ತೇವೆ ಎಂದರು.

ಗವಿಸಿದ್ಧ ಗುಂಪಿನ ಹಿಂದೆ ನಿಂತಿದ್ದ. ಒಮ್ಮೆ ಯಮನೂರ ಅವನ ಕಡೆ ನೋಡಿದ, ಮಠದವನಾದರೂ ಒಂದು ಮಾತು ಆಡಿಯಾನು ಎಂಬಂತೆ. ಗವಿಸಿದ್ಧ ನೆಲ ನೋಡಿದ.

ಸಂಜೆ ಅಜ್ಜಾರು ಮರಳಿದರು. ಮೆಟ್ಟಿಲ ತುದಿಯಲ್ಲಿ ನಿಂತರು. ಬಿಳಿ ಕಲ್ಲು ನೋಡಿದರು, ಮಡು ನೋಡಿದರು. ಕೆಳಗೆ ಇಳಿಯಲಿಲ್ಲ.

"ಏನು ಹಾಕಿದಿ?"

"ಬ್ಲೀಚಿಂಗ್ ಪುಡಿರಿ, ಅಜ್ಜಾರ."

"ಯಾಕ?"

"ನಿಮ್ಮ ಕಾಲು ಮತ್ತ ಜಾರಬಾರದು ಅಂತ. ನಿಮ್ಮ ಸಲುವಾಗಿ."

"ನನ್ನ ಹೆಸರು ಹೇಳಿ ಕೊಂದಿ, ಹಂಗಾದರ."

ಗವಿಸಿದ್ಧನ ಮುಖ ಕಪ್ಪಿಟ್ಟಿತು. ಒಳಗಿನದೆಲ್ಲ ಒಮ್ಮೆಲೇ ಹೊರಗೆ ಬಂತು. ಯಮನೂರನ ಸುದ್ದಿಯನ್ನೂ ಹೇಳಿದ. ಕೊನೆಗೆ ದನಿ ಏರಿಸಿ ಕೇಳಿದ:

"ಒಂದ ಚೀಲರೀ ಅಜ್ಜಾರ. ಮ್ಯಾಲಿನ ಕಾರ್ಖಾನಿಯವರು ವರ್ಷಪೂರ್ತಿ ಹೊಲಸು ಬಿಡತಾರ. ಊರಾಗಿನ ಹೊಲದವರೆಲ್ಲ ಎಣ್ಣಿ ಹೊಡೀತಾರ. ಅದರಾಗ ನಂದೆಷ್ಟು? ಪ್ಯಾಟ್ಯಾಗ ಕುಡಿಯೋ ನೀರಿಗೇ ಈ ಪುಡಿ ಹಾಕತಾರ!"

"ಹೌದೇನು?"

"ಹೌದ್ರಿ."

"ನಡದು ಬಂದು ನೀರಡಿಕಿ ಆಗೇತಿ. ಚರಿಗಿ ತಗೊಂಡು ಹೋಗು. ಮಡುವಿನ ನೀರು ತುಂಬಿಕೊಂಡು ಬಾ."

ಗವಿಸಿದ್ಧ ಹೋದ. ಸತ್ತ ಮೀನುಗಳನ್ನು ಕೈಯಿಂದ ಸರಿಸಿ ನೀರು ತುಂಬಿದ. ತಂದು ಗುರುವಿನ ಮುಂದೆ ಇಟ್ಟ. ಅವನ ಕೈಗೆ ಮೀನಿನ ಪೊರೆ ಅಂಟಿತ್ತು, ನಾರುತ್ತಿತ್ತು.

ಅಜ್ಜಾರು ಚರಿಗೆ ಎತ್ತಿದರು. ತುಟಿಗೆ ತಂದರು.

"ಬ್ಯಾಡ್ರೀ!"

ಗವಿಸಿದ್ಧ ಹಾರಿ ಚರಿಗೆ ಕಸಿದುಕೊಂಡ. ನೀರು ಇಬ್ಬರ ಮೈಮೇಲೂ ಚೆಲ್ಲಿತು.

ಅಜ್ಜಾರು ಗಡ್ಡ ಒರೆಸಿಕೊಂಡರು.

"ಮಡುವಿನ್ಯಾಗ ನಿಂದು ಸಣ್ಣದು ಇತ್ತಲ್ಲೋ ತಮ್ಮಾ. ನನ್ನ ಚರಿಗ್ಯಾಗ ಯಾವಾಗ ದೊಡ್ಡದಾತು?"

ಗವಿಸಿದ್ಧ ಚರಿಗೆಯನ್ನು ಕೆಳಗಿಟ್ಟ. ಆಮೇಲೆ ಕೇಳಿದ, "ನಾ ಏನ್ ಮಾಡಲಿರೀ?"

"ಯಮನೂರನ ಮ್ಯಾಲೆ ಹೊರಿಸಿದ್ದನ್ನ ಮೊದಲು ಇಳಿಸು."

ಮರುದಿನ ಬೆಳಿಗ್ಗೆ ಊರಕಟ್ಟೆಯ ಮುಂದೆ ಎಲ್ಲರನ್ನೂ ಕೂಡಿಸಿ ಗವಿಸಿದ್ಧ ನಡೆದದ್ದನ್ನು ಹೇಳಿದ. ಕಲ್ಲು ಬೀಳಬಹುದು, ಊರು ಬಿಡಿಸಬಹುದು ಎಂದುಕೊಂಡಿದ್ದ.

ಊರಿನ ಹಿರಿಯ ಶೇಖರಗೌಡ ಗಂಟಲು ಸರಿಮಾಡಿಕೊಂಡ.

"ಅಜ್ಜಾರ ಕಾಲು ಜಾರಬಾರದು ಅಂತ ಮಾಡೀರಿ. ಅದರಾಗ ತಪ್ಪೇನೈತ್ರಿ ಸ್ವಾಮ್ಯಾರ? ಮೀನು ಹ್ವಾದ್ರ ಮತ್ತ ಬರತಾವ."

"ಹೌದ್ರಿ, ಹೌದ್ರಿ," ಎಂದಿತು ಊರು. ಒಬ್ಬಳು ಮುದುಕಿ ಬಂದು ಗವಿಸಿದ್ಧನ ಕಾಲು ಮುಟ್ಟಿ ನಮಸ್ಕರಿಸಿದಳು.

ಆಚೆ ತುದಿಯಲ್ಲಿದ್ದ ಯಮನೂರ ಎದ್ದು ನಿಂತ. ಪಂಪು ಮುರಿದವರ ಮುಖಗಳನ್ನು ಒಂದೊಂದಾಗಿ ನೋಡಿದ. ಅವನತ್ತ ಯಾರೂ ತಿರುಗಲಿಲ್ಲ. ಅವನು ಹೆಗಲ ಮೇಲಿನ ವಸ್ತ್ರ ಕೊಡವಿ ಹೊರಟುಹೋದ.

ಅಜ್ಜಾರ ಜೊತೆ ಮಠಕ್ಕೆ ಮರಳುವ ದಾರಿಯಲ್ಲಿ ಗವಿಸಿದ್ಧ ದೀರ್ಘವಾಗಿ ಉಸಿರು ಬಿಟ್ಟ.

"ಎಲ್ಲಾರೂ ಕ್ಷಮಿಸಿದ್ರು, ಅಜ್ಜಾರ."

"ಸತ್ತದ್ದು ಅವರದೇನು?"

ಗವಿಸಿದ್ಧ ನಿಂತುಬಿಟ್ಟ. ಅಜ್ಜಾರು ಹಿಂದೆ ತಿರುಗದೆ ಕೋಲೂರುತ್ತ ಮುಂದೆ ಹೋದರು.

ಅವನು ಯಮನೂರನ ಮನೆಗೆ ಹೋದ. ಯಮನೂರ ಕಟ್ಟೆಯ ಮೇಲೆ ಕೂತು ಪಂಪಿನ ಮುರಿದ ಭಾಗಗಳನ್ನು ತಂತಿಯಿಂದ ಬಿಗಿಯುತ್ತಿದ್ದ. ತಲೆ ಎತ್ತಲಿಲ್ಲ.

"ನಿನ್ನೆ ನೀವು ಅಲ್ಲೇ ನಿಂತಿದ್ರಿ," ಎಂದ.

"ಹೌದು."

"ನಾ ನಿಮ್ಮ ಕಡೆ ನೋಡಿದೆ."

"ಹೌದು."

ಯಮನೂರ ತಂತಿ ಬಿಗಿಯುವುದನ್ನು ಮುಂದುವರಿಸಿದ. ಗವಿಸಿದ್ಧ ಕೈಮುಗಿದು ಹೊರಟುಬಂದ.

ಅಲ್ಲಿಂದ ಒಣಗಿದ ಹೊಳೆ ದಾಟಿ ಹುಲಿಗೆವ್ವನ ಗುಡಿಸಲಿಗೆ ಹೋದ. ಅವಳು ಬಲೆ ಮಡಚುತ್ತಿದ್ದಳು. ಪಾತ್ರೆಗಳನ್ನು ಆಗಲೇ ಗಂಟು ಕಟ್ಟಿಯಾಗಿತ್ತು.

"ಗಂಡ ಎಲ್ಲಿ ಹೋಗ್ಯಾರವ್ವಾ?"

"ಕಲ್ಲು ಒಡಿಯೋ ಕಡೆ ಕೆಲಸ ಕೇಳಾಕ ಹೋಗ್ಯಾನ್ರಿ. ನಾನೂ ಹೊಂಟೇನಿ. ಮಡುವಿನ್ಯಾಗ ಇನ್ನೇನೈತಿ?"

ಗವಿಸಿದ್ಧ ಅವಳಿಗೂ ಹೇಳಿದ. ಪುಡಿ ಸುರಿದದ್ದು, ಸಂಜೆ ಮೀನುಗಳು ಬಾಯಿ ತೆರೆದದ್ದು, ತಾನು ಒಳಗೆ ಹೋದದ್ದು.

ಬಲೆ ಮಡಚುತ್ತಿದ್ದ ಅವಳ ಕೈ ನಿಂತಿತು.

"ಸಂಜಿಮುಂದ ನೋಡಿದ್ರೇನ್ರಿ?"

"ನೋಡಿದೆ."

"ಆವಾಗ ಜೀವ ಇತ್ತು ಅವಕ್ಕ. ಒಂದು ಕೂಗು ಹಾಕಿದ್ರ ನಾವು ಗಂಡ ಹೆಂಡತಿ ಕೊಡದಾಗ ತುಂಬಿ ಮ್ಯಾಲಿನ ಗುಂಡಿಗೆ ಒಯ್ದು ಬಿಡತಿದ್ವಿ. ಎಲ್ಲಾ ಅಲ್ಲ. ಒಂದಿಷ್ಟರ ಉಳೀತಿದ್ವು. ಮರಿ ಹಾಕಾಕ ಸಾಕಾಗತಿತ್ತು."

ಪುಡಿ ಸುರಿದದ್ದು ಒಂದು. ಕೂಗದೆ ಇದ್ದದ್ದು ಇನ್ನೊಂದು. ಈ ಎರಡನೆಯದನ್ನು ಗವಿಸಿದ್ಧ ಇಲ್ಲಿಯವರೆಗೆ ಎಣಿಕೆಗೇ ಹಿಡಿದಿರಲಿಲ್ಲ.

"ಬೈಯವ್ವಾ ನನಗ," ಎಂದ.

"ಬೈದ್ರ ನಿಮಗ ಹಗುರ ಆಕ್ಕೈತಿ," ಎಂದಳು ಹುಲಿಗೆವ್ವ. "ನನಗ ಏನಾಕ್ಕೈತಿ?"

ಅವಳು ಗಂಟು ತಲೆಗೇರಿಸಿಕೊಂಡು, ಬಲೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಬಸ್ಸು ನಿಲ್ಲುವ ಕಡೆ ನಡೆದಳು. ಬಾಗಿಲಿಗೆ ಬೀಗ ಹಾಕಲಿಲ್ಲ. ಒಳಗೆ ಏನೂ ಇರಲಿಲ್ಲ.

ಗವಿಸಿದ್ಧ ದಂಡೆಯಲ್ಲಿ ಗುಂಡಿ ತೋಡಿ ಮೀನುಗಳನ್ನು ಹುಗಿದ. ಹುಗಿದಷ್ಟೂ ಮಡುವಿನಲ್ಲಿ ಮತ್ತಷ್ಟು ತೇಲಿ ಬರುತ್ತಿದ್ದವು. ಮಠದೊಳಗೆ, ಹಾಸಿಗೆಯಲ್ಲಿ, ಅನ್ನದಲ್ಲಿ ಕೂಡ ಆ ವಾಸನೆ ಇತ್ತು. ಅಜ್ಜಾರು ಬಿಳಿ ಮೆಟ್ಟಿಲುಗಳನ್ನು ಮತ್ತೆ ತುಳಿಯಲಿಲ್ಲ. ಮುಳ್ಳುಕಂಟಿಯ ನಡುವಿನ ಕಡಿದಾದ ದಾರಿ ಹಿಡಿದು ಮೇಲಿನ ಗುಂಡಿಗೆ ಹೋಗಿ ಸ್ನಾನ ಮಾಡಿ ಬರುತ್ತಿದ್ದರು. ಕೈಹಿಡಿಯಲು ಗವಿಸಿದ್ಧ ಹಿಂದೆಯೇ ಹೋಗುತ್ತಿದ್ದ.

ಮಳೆ ತಡವಾಗಿ ಬಂತು. ಬಂದಾಗ ಜೋರಾಗಿ ಬಂತು. ಕೆಂಪು ನೀರು ಮಡುವನ್ನು ತುಂಬಿಕೊಂಡು ಕೆಳಗೆ ಹರಿಯಿತು. ಹಲವು ದಿನಗಳ ಮೇಲೆ ನೀರು ತಿಳಿಯಾಯಿತು.

ಒಂದು ಬೆಳಿಗ್ಗೆ ಗವಿಸಿದ್ಧ ಮಡುವಿನ ಬಳಿಯಿಂದ ಓಡುತ್ತ ಬಂದ.

"ಅಜ್ಜಾರ! ಮರಿಮೀನು ಬಂದಾವ್ರೀ! ದಂಡಿಗುಂಟ ಕರ್ರಗ ಅಡ್ಡಾಡಾಕತ್ತಾವ!"

ಅಜ್ಜಾರು ಕೋಲೂರುತ್ತ ಬಂದರು. ಬಗ್ಗಿ ನೋಡಿದರು. ಹುಲ್ಲಿನ ಎಸಳಿನಷ್ಟು ಸಣ್ಣ ಮರಿಗಳು ಗುಂಪಾಗಿ ತಿರುಗುತ್ತಿದ್ದವು, ನೆರಳು ಬಿದ್ದೊಡನೆ ಚೆದುರುತ್ತಿದ್ದವು.

"ಚಲೋ ಆತು," ಎಂದರು.

ಗವಿಸಿದ್ಧ ಅವರ ಕಾಲ ಬಳಿ ಕೂತ. ಎಷ್ಟೋ ದಿನಗಳಿಂದ ಕೇಳಬೇಕೆಂದಿದ್ದನ್ನು ಕೇಳಿದ.

"ಹಂಗಾದರ ನಂದು ಮುಗೀತೇನ್ರಿ, ಅಜ್ಜಾರ?"

ಅಜ್ಜಾರು ತುಂಬಿದ ಹೊಳೆಯ ಆಚೆ ನೋಡಿದರು. ಮಳೆಗೆ ಹುಲಿಗೆವ್ವನ ಗುಡಿಸಲಿನ ಮಾಡು ಕುಸಿದು, ಗೋಡೆ ಅರ್ಧ ಕರಗಿತ್ತು.

"ಮೀನು ತಾವ ಬಂದ್ವು, ತಮ್ಮಾ. ಆಕೀನ್ನ ಕರಕೊಂಡು ಬರೋರು ಯಾರು?"